ಸಮಾಧಿ ತೆರೆಯುವ ದಿನದವರೆಗೆ

ಮುಂಬೈಯ ಕನ್ನಡ ಕ್ರೈಸ್ತ ಮನೆಯಲ್ಲಿ ಸಾವಾದರೆ ಮೊದಲ ಗಂಟೆಗಳು ಫೋನಿನಲ್ಲೇ ಕಳೆದುಹೋಗುತ್ತವೆ. ಡಾಕ್ಟರು ಚೀಟಿ ಕೊಟ್ಟರೇ? ಪಾಸ್ಟರಿಗೆ ತಿಳಿಸಿದಿರಾ? ಶಿವಡಿಯ ಕ್ರೈಸ್ತ ಸ್ಮಶಾನದಲ್ಲಿ ಜಾಗ ಇದೆಯೇ, ಅಥವಾ ನಮ್ಮ ಉಪನಗರದ ಸ್ಮಶಾನದಲ್ಲೇ ಆಗುತ್ತದೆಯೇ? ಹುಬ್ಬಳ್ಳಿ, ಬೀದರ್, ಉಡುಪಿ ಕಡೆಯಿಂದ ಹೊರಟವರು ಬೆಳಗ್ಗೆ ಎಷ್ಟಕ್ಕೆ ತಲುಪುತ್ತಾರೆ? ಅಲ್ಲಿಯವರೆಗೆ ಫ್ರೀಜರ್ ಪೆಟ್ಟಿಗೆ ಯಾರು ತರಿಸುತ್ತಾರೆ? ಹಳೆಯ ಕಟ್ಟಡದ ಲಿಫ್ಟಿನಲ್ಲಿ ಆ ಪೆಟ್ಟಿಗೆ ಹಿಡಿಯುವುದಿಲ್ಲ. ಹಾಗಾಗಿ ದೇಹವನ್ನು ಮೆಟ್ಟಿಲ ಮೇಲಿಂದ ಸ್ಟ್ರೆಚರಿನಲ್ಲಿ ಇಳಿಸಿ ಕೆಳಗಿನ ಕಾಂಪೌಂಡಿನಲ್ಲಿ ಇಡಬೇಕಾಗುತ್ತದೆ. ಅದಕ್ಕೆ ಸೊಸೈಟಿಯ ಸೆಕ್ರೆಟರಿಯನ್ನು ಕೇಳಬೇಕು. ಇಷ್ಟೆಲ್ಲ ಮುಗಿದು, ಮಣ್ಣು ಕೊಟ್ಟು ಮನೆಗೆ ಬಂದು ಕೂತಾಗ ಒಂದು ಮಾತು ಎದೆ ಚುಚ್ಚಲು ಶುರುವಾಗುತ್ತದೆ: ಅಷ್ಟು ಹೊತ್ತೂ ದೇವರ ನೆನಪೇ ಆಗಲಿಲ್ಲವಲ್ಲ, ನನ್ನ ನಂಬಿಕೆ ಇಷ್ಟೇನಾ?

ಈ ಮಾತು ಕಾಡುತ್ತಿರುವವರು ಮಾರ್ಕನ ಸುವಾರ್ತೆಯ 15ನೆಯ ಅಧ್ಯಾಯದ ಕೊನೆಯ ಆರು ವಚನಗಳನ್ನು ನಿಧಾನವಾಗಿ ಓದಬೇಕು. ಯೇಸು ಸತ್ತ ಶುಕ್ರವಾರದ ಸಂಜೆ ಅದು. ಅರಿಮಥಾಯದ ಯೋಸೇಫ ಧೈರ್ಯ ಮಾಡಿ ರೋಮನ್ ಅಧಿಪತಿ ಪಿಲಾತನ ಬಳಿಗೆ ಹೋಗಿ ದೇಹವನ್ನು ಕೇಳುತ್ತಾನೆ. ಇಷ್ಟು ಬೇಗ ಸತ್ತನೇ ಎಂದು ಪಿಲಾತ ಆಶ್ಚರ್ಯಪಟ್ಟು, ಶತಾಧಿಪತಿಯನ್ನು ಕರೆಸಿ ವಿಚಾರಿಸಿ, ಖಾತ್ರಿಯಾದ ಮೇಲೆ ಅಪ್ಪಣೆ ಕೊಡುತ್ತಾನೆ. ಅಂದರೆ ಅಲ್ಲೂ ಮರಣದ ದೃಢೀಕರಣ, ಅಧಿಕಾರಿಯ ಅನುಮತಿ ಎಲ್ಲ ಇತ್ತು. ಯೋಸೇಫ ನಾರುಬಟ್ಟೆ ಕೊಂಡು ತರುತ್ತಾನೆ. ನಿಕೊದೇಮ ಸುಮಾರು 33 ಕಿಲೋ ತೂಕದಷ್ಟು ರಕ್ತಬೋಳ, ಅಗರು ಎಂಬ ಸುಗಂಧದ್ರವ್ಯ ತಂದನೆಂದು ಯೋಹಾನ ಬರೆಯುತ್ತಾನೆ. ಹೆಂಗಸರು ದೇಹವನ್ನು ಎಲ್ಲಿ ಇಟ್ಟರೆಂದು ನೋಡಿಟ್ಟುಕೊಳ್ಳುತ್ತಾರೆ. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ಶುರುವಾಗುವ ಮೊದಲು ಇಷ್ಟೂ ಮುಗಿಯಬೇಕಿತ್ತು. ಆ ಸಂಜೆ ಇವರಲ್ಲಿ ಯಾರೊಬ್ಬರೂ ಪುನರುತ್ಥಾನವನ್ನು ಕಾಯುತ್ತಿದ್ದಂತೆ ಕಾಣುವುದಿಲ್ಲ. ಭಾನುವಾರ ಬೆಳಗ್ಗೆಯೂ ಹೆಂಗಸರು ಸುಗಂಧದ್ರವ್ಯ ಹಿಡಿದು ಬಂದದ್ದು ಹೆಣಕ್ಕೆ ಹಚ್ಚುವುದಕ್ಕೆಂದೇ. ಮನಸ್ಸಿನಲ್ಲಿ ನಿರೀಕ್ಷೆ ಇಲ್ಲದ ಹೊತ್ತಿನಲ್ಲಿ ಅದು ಕೈಗಳಲ್ಲಿತ್ತು. ದುಃಖದಲ್ಲಿ ನಂಬಿಕೆ ಉಳಿಯುವುದು ಹೇಗೆ ಎಂದು ಕೇಳುವವರಿಗೆ ಹೇಳಬೇಕಾದದ್ದು ಮುಖ್ಯವಾಗಿ ಇದನ್ನೇ. ಒಬ್ಬರ ಮನಸ್ಸು ಒಬ್ಬಂಟಿಯಾಗಿ ಅದನ್ನು ಹೊರಲಾರದು. ಕೈ, ಬಾಯಿ, ಇನ್ನೊಬ್ಬರ ಧ್ವನಿ, ಸಾವಿರಾರು ವರ್ಷ ಹಳೆಯ ಮಾತು, ಇವುಗಳ ಮೇಲೆ ಅದು ನಿಲ್ಲುತ್ತದೆ.

ಹಾಗಾಗಿ ಮೊದಲ ದಿನದ ಕಾಗದದ ಕೆಲಸವನ್ನು ಸಭೆಯವರೇ ವಹಿಸಿಕೊಳ್ಳಬೇಕು. ಅದು ಯೋಸೇಫನ ಸೇವೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಮರಣದ ಕಾರಣ ತಿಳಿಸುವ ನಮೂನೆ 4. ಮನೆಯಲ್ಲಿ ತೀರಿಕೊಂಡರೆ ನೋಡುತ್ತಿದ್ದ ವೈದ್ಯರು ಕೊಡುವ ನಮೂನೆ 4ಎ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ನೋಂದಣಿ ಆಗಬೇಕು. 30 ದಿನದವರೆಗೆ ತಡ ಶುಲ್ಕ ಕಟ್ಟಿ ಮಾಡಿಸಬಹುದು, ಆಮೇಲೆ ಅಲೆದಾಟ ಹೆಚ್ಚುತ್ತದೆ. ಸ್ಮಶಾನಕ್ಕೆ ಸಭಾಪಾಲಕರ ಪತ್ರ ಬೇಕು. ವಿಮಾನದಲ್ಲಿ ಊರಿಗೆ ಒಯ್ಯುವುದಾದರೆ ಎಂಬಾಮಿಂಗ್ (ದೇಹ ಕೆಡದಂತೆ ಮಾಡುವುದು) ಪ್ರಮಾಣಪತ್ರ, ಪೊಲೀಸರ ನಿರಾಕ್ಷೇಪಣಾ ಪತ್ರ ಬೇಕು. ಇದರಲ್ಲಿ ಸಾಮಾನ್ಯವಾಗಿ ತಪ್ಪುವುದು ಹೆಸರು. ಸಭೆಯ ದಾಖಲೆಯಲ್ಲಿ ದೀಕ್ಷಾಸ್ನಾನದ ಹೆಸರು, ಆಧಾರಿನಲ್ಲಿ ತಂದೆಯ ಹೆಸರು ಸೇರಿಸಿದ ಇನ್ನೊಂದು, ಬ್ಯಾಂಕಿನಲ್ಲಿ ಮೂರನೆಯದು. ಮರಣ ಪ್ರಮಾಣಪತ್ರದಲ್ಲಿ ಆಧಾರಿನ ಹೆಸರೇ ಅಕ್ಷರ ತಪ್ಪದೆ ಬರುವಂತೆ ಮೊದಲ ದಿನವೇ ಒಬ್ಬರು ನೋಡಿಕೊಂಡರೆ, ಮುಂದೆ ಪಿಂಚಣಿಗೆ ಹೋಗುವ ಹೆಂಡತಿ ಕಚೇರಿಯ ಕಿಟಕಿಯ ಮುಂದೆ ನಿಂತು ಮತ್ತೆ ಮತ್ತೆ ಗಂಡನ ಸಾವನ್ನು ವಿವರಿಸುವುದು ತಪ್ಪುತ್ತದೆ.

ಇನ್ನು ಊಟ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ತಂದುಕೊಡುತ್ತಾರೆ. ಈ ಪದ್ಧತಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಎಡವುವುದು ಲೆಕ್ಕದಲ್ಲಿ. ಮೊದಲ ಮೂರು ದಿನ ಹತ್ತು ಮನೆಯಿಂದ ಡಬ್ಬಿ ಬಂದು ಅರ್ಧ ಹಳಸುತ್ತದೆ; ಮೂರನೆಯ ವಾರ ಊರಿನವರೆಲ್ಲ ಹೊರಟುಹೋದ ಮೇಲೆ, ಮನೆ ಖಾಲಿಯಾದಾಗ, ಒಂದೂ ಬರುವುದಿಲ್ಲ. ಸ್ತ್ರೀ ಸಂಘದವರು ಮೊದಲ ದಿನವೇ ಪಟ್ಟಿ ಮಾಡಿ, ದಿನಕ್ಕೆ ಒಂದೇ ಮನೆಯಿಂದ ಒಂದೇ ಊಟ, ಅದು ಆರು ವಾರದವರೆಗೆ ಎಂದು ಹಂಚಿಕೊಂಡರೆ ಆಗುತ್ತದೆ. ಮೊದಲ ವಾರ ಗಂಜಿ, ಮೊಸರನ್ನ, ಸಾರು. ದುಃಖದಲ್ಲಿರುವವರಿಗೆ ಅಗಿಯುವುದೂ ಒಂದು ಕೆಲಸ. ಡಬ್ಬಿ ತೊಳೆದು ಹಿಂದಿರುಗಿಸುವ ಚಿಂತೆ ಅವರಿಗೆ ಬೇಡ, ಮರುದಿನ ತರುವವರೇ ಒಯ್ಯಲಿ. ಎಲೀಯನು ಸಾಯಬೇಕೆಂದು ಬೇಡಿಕೊಂಡು ಗಿಡದ ಕೆಳಗೆ ಮಲಗಿದ್ದಾಗ ದೇವದೂತನು ಅವನಿಗೆ ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟು ಎಬ್ಬಿಸಿದ. ತಿಂದು ಮತ್ತೆ ಮಲಗಲು ಬಿಟ್ಟ. ಎರಡನೆಯ ಸಲವೂ ಎಬ್ಬಿಸಿ ತಿನ್ನಿಸಿದ. ದೇವರು ಅವನೊಂದಿಗೆ ಮಾತಾಡಿದ್ದು ನಲವತ್ತು ದಿನದ ದಾರಿ ಕಳೆದ ಮೇಲೆ.

ಅನ್ನಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮಾತಿಗೆ. ಸಾವಿನ ಮನೆಗೆ ಬಂದವರು ಸುಮ್ಮನೆ ಕೂರಲಾರದೆ ಏನೋ ಒಂದು ಹೇಳುತ್ತಾರೆ. ‘ದೇವರ ಚಿತ್ತ.’ ‘ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ.’ ‘ಅಳಬೇಡಮ್ಮ, ಅವರು ಪರಲೋಕದಲ್ಲಿದ್ದಾರೆ, ನೀನು ಅತ್ತರೆ ನಂಬಿಕೆ ಇಲ್ಲ ಅಂದಹಾಗೆ.’ ಎಲ್ಲಕ್ಕಿಂತ ಕ್ರೂರವಾದದ್ದು, ‘ಇನ್ನೂ ನಂಬಿಕೆಯಿಂದ ಪ್ರಾರ್ಥಿಸಿದ್ದರೆ ಗುಣವಾಗುತ್ತಿತ್ತು.’ ಸಾವಿಗೆ ಮನುಷ್ಯರ ತಪ್ಪೇ ಕಾರಣ ಎಂಬ, ಈ ಕೊನೆಯ ಮಾತಿನ ಹಿಂದಿರುವ ಯೋಚನೆಯನ್ನು ಯೇಸು ನೇರವಾಗಿಯೇ ತಳ್ಳಿಹಾಕಿದ್ದಾನೆ. ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗ, ಅವರು ಯೆರೂಸಲೇಮಿನ ಉಳಿದವರೆಲ್ಲರಿಗಿಂತ ಹೆಚ್ಚು ತಪ್ಪಿತಸ್ಥರೇ ಎಂದು ಕೇಳಿ, ಅಲ್ಲ ಎಂದವನು ಅವನು. ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಹುಡುಕತೊಡಗಿದ ಮೇಲೆ ಕೆಟ್ಟಿತು. ಪುಸ್ತಕದ ಕೊನೆಯಲ್ಲಿ ದೇವರು ಬೈದದ್ದು ದೂರಿದ ಯೋಬನನ್ನಲ್ಲ, ದೇವರ ಪರವಾಗಿ ವಾದಿಸಿದ ಗೆಳೆಯರನ್ನು. ಈ ತೀರ್ಪನ್ನು ನಮ್ಮ ಸಭೆಗಳು ಇನ್ನೂ ಪೂರ್ತಿ ಒಳಗೆ ತೆಗೆದುಕೊಂಡಿಲ್ಲ ಅನಿಸುತ್ತದೆ.

‘ಅಳಬೇಡಿ’ ಎನ್ನುವವರು ಸಾಮಾನ್ಯವಾಗಿ ಆಧಾರ ಕೊಡುವುದು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4:13. ಅಲ್ಲಿ ಪೌಲ ಹೇಳಿರುವುದು ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು. ದುಃಖವನ್ನೇ ಅವನು ಬೇಡ ಅಂದಿಲ್ಲ. ಅವನ ಮನಸ್ಸು ತಿಳಿಯಬೇಕಾದರೆ ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡು ಅಧ್ಯಾಯ ಜೊತೆಯಾಗಿ ಓದಬೇಕು. ಮೊದಲ ಅಧ್ಯಾಯದಲ್ಲಿ ಅವನು ಸಾಯುವುದು ಲಾಭವೇ ಎನ್ನುತ್ತಾನೆ, ತನ್ನ ಸಾವಿನ ಬಗ್ಗೆ. ಎರಡನೆಯದರಲ್ಲಿ ಗೆಳೆಯ ಎಪಫ್ರೊದೀತನಿಗೆ ಕಾಯಿಲೆ ಜೋರಾಗಿ ಸಾಯುವಂತಾಗಿತ್ತು, ದೇವರು ಅವನನ್ನು ಉಳಿಸಿ ನನಗೆ ದುಃಖದ ಮೇಲೆ ದುಃಖ ಬಾರದ ಹಾಗೆ ಮಾಡಿದ ಎಂದು ನಿಟ್ಟುಸಿರು ಬಿಡುತ್ತಾನೆ. ಪರಲೋಕದ ಬಗ್ಗೆ ಅವನಿಗೆ ಸಂದೇಹವಿರಲಿಲ್ಲ. ಆದರೂ ಗೆಳೆಯ ಹೋಗಿದ್ದರೆ ಅದನ್ನು ದುಃಖವೆಂದೇ ಕರೆಯುತ್ತಿದ್ದ. ಸ್ತೆಫನನನ್ನು ಹೂಣಿಟ್ಟವರು ಬಹಳವಾಗಿ ಗೋಳಾಡಿದರೆಂದು ಅಪೊಸ್ತಲರ ಕೃತ್ಯಗಳಲ್ಲಿದೆ, ಅವರನ್ನು ಅಲ್ಲಿ ಭಕ್ತಿವಂತರೆಂದೇ ಕರೆದಿದೆ. ಬೇಥಾನ್ಯದಲ್ಲಂತೂ ಲಾಜರನನ್ನು ಎಬ್ಬಿಸಲೆಂದೇ ಬಂದ ಯೇಸು, ಎಬ್ಬಿಸುವ ಮುನ್ನ ಕಣ್ಣೀರು ಬಿಟ್ಟ.

ಲಾಜರನ ಕಥೆಯಿರುವ ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಲಾಜರನ ಅಕ್ಕಂದಿರಾದ ಮಾರ್ಥಳೂ ಮರಿಯಳೂ ಬೇರೆ ಬೇರೆಯಾಗಿ ಬಂದು ಒಂದೇ ಮಾತು ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಮಾರ್ಥಳಿಗೆ ಯೇಸು ಮಾತಿನಲ್ಲಿ ಉತ್ತರ ಕೊಟ್ಟ, ಪುನರುತ್ಥಾನದ ಮಾತು. ಮರಿಯಳ ಜೊತೆ ಅತ್ತ. ಒಂದೇ ಮನೆಯ ಅಕ್ಕತಂಗಿಯರಿಗೂ ಒಂದೇ ಮದ್ದು ಆಗುವುದಿಲ್ಲ. ಗಂಡ ಕೆಲಸಕ್ಕೆ ಹೋಗಿ ಮೌನದಲ್ಲಿ ಮುಳುಗಿದ್ದಾನೆಂದು ಹೆಂಡತಿಗೆ ಕೋಪ, ಹೆಂಡತಿ ಸತ್ತ ಮಗನ ಮಾತು ಬಿಟ್ಟು ಬೇರೆ ಆಡುವುದಿಲ್ಲವೆಂದು ಗಂಡನಿಗೆ ಕೋಪ. ಮಕ್ಕಳನ್ನು ಕಳೆದುಕೊಂಡ ಮನೆಗಳಲ್ಲಿ ಇದು ನಡೆಯುತ್ತಲೇ ಇರುತ್ತದೆ. ಇಬ್ಬರ ದುಃಖದ ಆಳ ಒಂದೇ, ಹರಿಯುವ ದಾರಿ ಬೇರೆ ಎಂದು ಪಾಸ್ಟರೋ ಹಿರಿಯರೋ ಒಂದು ಸಲ ಇಬ್ಬರನ್ನೂ ಕೂರಿಸಿ ಬಿಡಿಸಿ ಹೇಳಿದರೆ ಎಷ್ಟೋ ಜಗಳ ಅಲ್ಲಿಗೇ ನಿಲ್ಲುತ್ತದೆ.

ಪ್ರಾರ್ಥನೆಯ ವಿಷಯಕ್ಕೆ ಬರೋಣ. ದುಃಖದಲ್ಲಿರುವ ವಿಶ್ವಾಸಿಗಳು ಗಾಬರಿಯಾಗುವುದು ಇಲ್ಲಿಯೇ: ಪ್ರಾರ್ಥನೆ ಬರುವುದಿಲ್ಲ. ವರ್ಷಗಳಿಂದ ಮೊಣಕಾಲೂರಿ ಸಲೀಸಾಗಿ ಪ್ರಾರ್ಥಿಸಿದವರಿಗೂ ‘ತಂದೆಯೇ’ ಅಂದ ಮೇಲೆ ಮುಂದಿನ ಮಾತು ಹೊರಡುವುದಿಲ್ಲ. ಶಿಲುಬೆಯ ಮೇಲೆ ಯೇಸು ಏನು ಮಾಡಿದನೆಂದು ನೋಡಿ. ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂಬುದು 22ನೆಯ ಕೀರ್ತನೆಯ ಮೊದಲ ಸಾಲು. ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸಿದ ಮಾತು 31ನೆಯ ಕೀರ್ತನೆಯದು. ಉಸಿರು ಕಟ್ಟುವ ನೋವಿನಲ್ಲಿ ಅವನು ಹೊಸ ಪ್ರಾರ್ಥನೆ ಕಟ್ಟಲಿಲ್ಲ. ಎಳವೆಯಿಂದ ಕೇಳಿದ್ದನ್ನು, ಬಾಯಿಪಾಠವಾಗಿದ್ದನ್ನು ಹೇಳಿದ. ಹಾಗಾದರೆ ನಮಗೂ ಸ್ವಂತ ಮಾತು ಹುಡುಕುವ ಹಂಗಿಲ್ಲ.

ಶುರು ಮಾಡಲು 13ನೆಯ ಕೀರ್ತನೆ ಒಳ್ಳೆಯದು. ಆರೇ ವಚನ. ಲೋಕಲ್ ಟ್ರೈನಿನಲ್ಲಿ ಒಂದು ಸ್ಟೇಶನ್ನಿನಿಂದ ಮುಂದಿನದಕ್ಕೆ ಹೋಗುವುದರೊಳಗೆ ಎರಡು ಸಲ ಓದಬಹುದು. ಮೊದಲ ಎರಡು ವಚನ ದೂರು: ಎಷ್ಟರವರೆಗೆ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನ ಎರಡು ಬೇಡಿಕೆ: ನನ್ನನ್ನು ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡು ಭರವಸೆ. ಬೈಬಲಿನ ಹೆಚ್ಚಿನ ಪ್ರಲಾಪಗಳು ಈ ಮಾದರಿಯವೇ. ಮೊದಲ ಎರಡು ವಾರ ದಿನಕ್ಕೆ ಒಂದು ಸಲ, ಸಾಧ್ಯವಾದರೆ ಒಂದೇ ಹೊತ್ತಿಗೆ, ಧ್ವನಿ ಎತ್ತಿ ಓದಿ. ಮನಸ್ಸಿನಲ್ಲೇ ಓದಿದರೆ ಎರಡನೆಯ ಸಾಲಿಗೇ ಮನಸ್ಸು ಆಸ್ಪತ್ರೆಯ ಕಾರಿಡಾರಿಗೆ ಹೋಗಿಬಿಡುತ್ತದೆ, ಬಾಯಿಂದ ಓದಿದರೆ ಕಿವಿ ಹಿಡಿದು ನಿಲ್ಲಿಸುತ್ತದೆ. ಮನೆಯಲ್ಲಿ ಜಾಗವಿಲ್ಲದವರು, ಒಂದೇ ಕೋಣೆಯ ಚಾಳಿನವರು, ಟೆರೇಸಿಗೋ ರಸ್ತೆಯ ತುದಿಗೋ ಹೋಗಿ ಫೋನು ಕಿವಿಗಿಟ್ಟುಕೊಂಡು ಓದಿದರೂ ಆಯಿತು. ಮುಂಬೈಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಎರಡು ವಾರವಾದ ಮೇಲೆ ಒಂದು ಹಾಳೆ ತೆಗೆದುಕೊಂಡು ಅದೇ ಮೂರು ಭಾಗದಲ್ಲಿ ನಿಮ್ಮದೇ ಮಾತು ಬರೆಯಿರಿ. ದೂರಿನ ಭಾಗದಲ್ಲಿ ದುಃಖವಾಯಿತು, ಕಷ್ಟವಾಯಿತು ಎಂಬಂಥ ಒಣ ಮಾತು ಬೇಡ. ನಡೆದದ್ದನ್ನೇ ಬರೆಯಿರಿ: ಆ್ಯಂಬುಲೆನ್ಸ್ ಸಿಗ್ನಲಿನಲ್ಲಿ ನಿಂತಾಗ ನೀನು ಎಲ್ಲಿದ್ದೆ, ಔಷಧಿ ಫಲಿಸುತ್ತಿದೆ ಎಂದು ಸೋಮವಾರ ಹೇಳಿಸಿ ಬುಧವಾರ ಯಾಕೆ ಕರೆದುಕೊಂಡೆ. ದೇವರ ಮೇಲೆ ಸಿಟ್ಟು ಬಂದಿದ್ದರೆ ಅದೂ ಇರಲಿ, ಕೀರ್ತನೆಗಾರರು ಅದನ್ನು ಮುಚ್ಚಿಟ್ಟವರಲ್ಲ. ದೇವರಿಗೆ ಬೆನ್ನು ತಿರುಗಿಸಿ ದೂರುವುದು ಬೇರೆ, ಅವನ ಮುಖಕ್ಕೇ ದೂರುವುದು ಬೇರೆ. ಪ್ರಲಾಪ ಎರಡನೆಯದು, ಆದ್ದರಿಂದಲೇ ಅದು ಪ್ರಾರ್ಥನೆ. ಬೇಡಿಕೆಯ ಭಾಗದಲ್ಲಿ ಚಿಕ್ಕದನ್ನೇ ಕೇಳಿ: ಈ ರಾತ್ರಿ ನಾಲ್ಕು ಗಂಟೆ ನಿದ್ದೆ, ನಾಳೆ ಮಗುವನ್ನು ಶಾಲೆಗೆ ಬಿಡುವಷ್ಟು ಶಕ್ತಿ. ಮೂರನೆಯ ಭಾಗ, ಭರವಸೆಯದು, ಬರದಿದ್ದರೆ ಖಾಲಿ ಬಿಡಿ. ಒತ್ತಾಯದಿಂದ ‘ಆದರೂ ಸ್ತೋತ್ರ’ ಎಂದು ಬರೆದವರು ಮುಂದೆ ಆ ಹಾಳೆಯನ್ನೇ ತೆರೆಯದೆ ಹೋಗುತ್ತಾರೆ, ಯಾಕೆಂದರೆ ಅದು ಸುಳ್ಳು ಎಂದು ಅವರಿಗೇ ಗೊತ್ತಿರುತ್ತದೆ. ಖಾಲಿ ಬಿಡುವುದಕ್ಕೆ ಬೈಬಲಿನಲ್ಲೇ ಆಧಾರವಿದೆ. 88ನೆಯ ಕೀರ್ತನೆ ಭರವಸೆಯ ಮಾತಿಲ್ಲದೆ, ಕತ್ತಲೆಯಲ್ಲೇ ಮುಗಿಯುತ್ತದೆ. ಅದರಲ್ಲಿ ಬೆಳಕು ಇರುವುದು ಮೊದಲ ಸಾಲಿನ ಸಂಬೋಧನೆಯಲ್ಲಿ ಮಾತ್ರ: ಆ ಕವಿ ದೇವರನ್ನು ತನ್ನ ರಕ್ಷಕನೆಂದು ಕರೆದು ಮಾತು ಶುರುಮಾಡುತ್ತಾನೆ. ಅಷ್ಟೇ ಸಾಕೆಂದು ಇಸ್ರಾಯೇಲು ಅದನ್ನು ಆರಾಧನೆಯ ಪುಸ್ತಕದಲ್ಲಿ ಉಳಿಸಿಕೊಂಡಿತು.

ಭಾನುವಾರದ ಆರಾಧನೆ ಇನ್ನೊಂದು ಬಗೆಯ ಕಷ್ಟ. ಜೊತೆಯಲ್ಲಿ ಕೂರುತ್ತಿದ್ದವರ ಜಾಗ ಕಾಣುತ್ತದೆ, ಮಣ್ಣು ಕೊಟ್ಟ ದಿನ ಹಾಡಿದ ಸಂಗೀತ ಶುರುವಾದರೆ ಗಂಟಲು ಕಟ್ಟುತ್ತದೆ, ಬಾಗಿಲಲ್ಲಿ ಎಲ್ಲರೂ ‘ಹೇಗಿದ್ದೀರಿ’ ಎನ್ನುತ್ತಾರೆ. ಒಂದು ವಾರ ತಪ್ಪಿಸಿದ್ದು ಆರು ತಿಂಗಳಾಗುವುದು ಹೀಗೆಯೇ. ಪೂರ್ತಿ ಬಿಡುವ ಬದಲು ಗಾತ್ರ ಕಡಿಮೆ ಮಾಡಿಕೊಳ್ಳಿ. ಆರಂಭದ ಹಾಡು ಮುಗಿದ ಮೇಲೆ ಒಳಗೆ ಬನ್ನಿ, ಹಿಂದಿನ ಸಾಲಿನ ತುದಿಯಲ್ಲಿ ಕೂತುಕೊಳ್ಳಿ, ಕರ್ತನ ಭೋಜನ ಆದಮೇಲೆ ಬೇಕಾದರೆ ಹೊರಡಿ. ಇದನ್ನು ಪಾಸ್ಟರಿಗೆ ಮೊದಲೇ ಹೇಳಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಾಡಲಾಗದಿದ್ದರೆ ನಿಂತುಕೊಂಡಿದ್ದರೆ ಸಾಕು, ಉಳಿದವರು ಹಾಡುತ್ತಾರೆ. ವಿಶ್ವಾಸ ಪ್ರಮಾಣ ಹೇಳುವಾಗ ‘ಶರೀರದ ಪುನರುತ್ಥಾನ’ ಎಂಬಲ್ಲಿ ಬಾಯಿ ತೆರೆಯದಿದ್ದರೆ ಆ ವಾರ ಪಕ್ಕದವರು ನಿಮ್ಮ ಪರವಾಗಿ ಹೇಳಿದ್ದಾರೆಂದು ತಿಳಿಯಿರಿ. ಸಭೆ ಇರುವುದೇ ಅದಕ್ಕೆ.

ದುಃಖಕ್ಕೆ ಐದು ಹಂತ ಎಂಬ ಮಾತನ್ನು ಈಗ ಎಲ್ಲರೂ ಕೇಳಿರುತ್ತಾರೆ. ಮನೋವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳನ್ನು ನೋಡಿ. ಉಳಿದವರ ದುಃಖ ಆ ಮೆಟ್ಟಿಲು ಹತ್ತಿ ಮುಗಿಯುವುದಿಲ್ಲ, ಹಿಂದೆ ಮುಂದೆ ಆಗುತ್ತಲೇ ಇರುತ್ತದೆ. ಹಾಗಾಗಿ ಎಂಟನೆಯ ತಿಂಗಳಿನಲ್ಲಿ ಮತ್ತೆ ಮೊದಲ ದಿನದಂತೆ ಅತ್ತರೆ ನಂಬಿಕೆ ಕುಸಿಯಿತೆಂದು ಅರ್ಥವಲ್ಲ. ಆದರೆ ವರ್ಷ ಕಳೆದರೂ ಪ್ರತಿದಿನವೂ ಅದೇ ತೀವ್ರತೆ, ಕೆಲಸ-ಮನೆ ಯಾವುದೂ ನಡೆಯದ ಸ್ಥಿತಿ ಇದ್ದರೆ ಅದಕ್ಕೆ ವೈದ್ಯರ ಸಹಾಯ ಬೇಕು. ಸತ್ತವರ ಬಳಿ ಹೋಗಿಬಿಡಬೇಕೆಂಬ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆ ಎಂದು ಹೇಳುವವರ ಮಾತಿಗೆ ಕಿವಿಗೊಡಬೇಡಿ. ಎಲೀಯನಿಗೂ ಮೊದಲು ಬೇಕಾಗಿದ್ದು ದೇಹದ ಆರೈಕೆ.

ಈಗ ಮುಂಬೈಗೆ ವಿಶೇಷವಾದ, ಊರಿನವರಿಗೆ ಊಹೆಗೂ ಬಾರದ ಸಂಗತಿ. ಗದಗ ಬೆಟಗೇರಿಯಲ್ಲೋ ಉಡುಪಿಯಲ್ಲೋ ಹೂಣಿಟ್ಟರೆ ಕಲ್ಲು ನೆಟ್ಟು ಹೆಸರು ಕೆತ್ತಿಸಿ, ವರ್ಷಕ್ಕೊಮ್ಮೆ ಸುಣ್ಣ ಹೊಡೆಸಿ ಹೂವಿಡುತ್ತೇವೆ. ಅದು ಅಲ್ಲೇ ಇರುತ್ತದೆ. ಮುಂಬೈಯಲ್ಲಿ ಕುಟುಂಬದ ಸ್ವಂತ ಸಮಾಧಿ ಇರುವವರು ಸ್ವಲ್ಪ ಜನ. ಶಿವಡಿಯ ಕ್ರೈಸ್ತ ಸ್ಮಶಾನ ಶುರುವಾದದ್ದು 1865ರಲ್ಲಿ, ನಗರದ ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡರ ಕಾಲದಲ್ಲಿ. ಅಂದಿನಿಂದ ಊರು ಬೆಳೆಯಿತು, ಸ್ಮಶಾನದ ಗೋಡೆ ಬೆಳೆಯಲಿಲ್ಲ. ಆದ್ದರಿಂದ ಇಲ್ಲಿನ ಬಹುತೇಕ ಸ್ಮಶಾನಗಳಲ್ಲಿ ಸಮಾಧಿ ತಾತ್ಕಾಲಿಕ. ಸುಮಾರು ಒಂದೂವರೆ-ಎರಡು ವರ್ಷದ ನಂತರ, ಅಲ್ಲಲ್ಲಿನ ನಿಯಮದಂತೆ, ಅದನ್ನು ತೆರೆದು ಎಲುಬುಗಳನ್ನು ತೆಗೆದು ಇನ್ನೊಬ್ಬರಿಗೆ ಜಾಗ ಮಾಡುತ್ತಾರೆ. ಎಲುಬುಗಳನ್ನು ಗೋಡೆಯಲ್ಲಿನ ಚಿಕ್ಕ ಗೂಡಿನಲ್ಲಿ, ಇಲ್ಲಿನವರ ಬಾಯಲ್ಲಿ ‘ನಿಶ್’, ಇಟ್ಟು ಹೆಸರಿನ ಕಲ್ಲು ಹಾಕುತ್ತಾರೆ. ಗೂಡು ತೆಗೆದುಕೊಳ್ಳದಿದ್ದರೆ ಸಾಮೂಹಿಕ ಗುಂಡಿಗೆ.

ಇದನ್ನು ಮೊದಲೇ ತಿಳಿಯದ ಮನೆಯವರಿಗೆ ಆ ನೋಟೀಸು ಎರಡನೆಯ ಸಾವಿನಂತೆ ಬರುತ್ತದೆ. ಆದ್ದರಿಂದ ಮಣ್ಣು ಕೊಡುವ ದಿನವೇ ಸಭೆಯವರು ಮೂರು ವಿಷಯ ಕೇಳಿ ಬರೆದಿಟ್ಟುಕೊಳ್ಳಬೇಕು: ಸಮಾಧಿಯ ಸಂಖ್ಯೆ, ತೆರೆಯುವ ಅವಧಿ, ತಿಳಿಸಬೇಕಾದ ಫೋನ್ ಸಂಖ್ಯೆ. ಫೋನ್ ಸಂಖ್ಯೆ ಎರಡು ಕೊಡಿ. ಊರಿಗೆ ಹೋಗಿ ಸಿಮ್ ಬದಲಾಯಿಸಿದವರಿಗೆ ವಿಷಯವೇ ತಲುಪದೆ, ಎಲುಬು ಸಾಮೂಹಿಕ ಗುಂಡಿಗೆ ಹೋದ ಮೇಲೆ ತಿಳಿಯುವುದಿದೆ. ಪೆಟ್ಟಿಗೆಯ ಆಯ್ಕೆಯೂ ಇದಕ್ಕೇ ಸಂಬಂಧಿಸಿದ್ದು. ಸಾಧಾರಣ ಮರದ ಪೆಟ್ಟಿಗೆ ಸಾಕು, ಒಳಗೆ ಪ್ಲಾಸ್ಟಿಕ್ ಹಾಳೆ ಬೇಡ, ಉಡಿಸುವುದು ಹತ್ತಿಯ ಬಟ್ಟೆ. ಪಾಲಿಯೆಸ್ಟರ್ ಸೀರೆ, ಸೂಟು, ಬೂಟು, ಪ್ಲಾಸ್ಟಿಕ್ ಹೂವು ಕರಗುವುದಿಲ್ಲ. ಮಳೆಗಾಲದಲ್ಲಿ ನೀರು ನಿಲ್ಲುವ ಜಿಗುಟು ಮಣ್ಣಿನಲ್ಲಿ ಗಾಳಿಯಾಡದೆ ದೇಹ ಕರಗುವುದೇ ನಿಧಾನ. ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಎರಡು ವರ್ಷಕ್ಕೆ ತೆರೆದಾಗ ಕೆಲಸ ಮುಗಿದಿರುವುದಿಲ್ಲ, ಮತ್ತೆ ಮುಚ್ಚಬೇಕು. ಮನೆಯವರು ಆ ದೃಶ್ಯ ನೋಡುವಂತಾಗಬಾರದು. ಒಳ್ಳೆಯ ರೇಷ್ಮೆ ಸೀರೆ ಉಡಿಸಿ ಕಳಿಸಬೇಕೆಂಬ ಆಸೆ ಸಹಜವೇ, ಶುದ್ಧ ರೇಷ್ಮೆಯಾದರೆ ಅಡ್ಡಿಯಿಲ್ಲ, ಜರಿ ಬೇಡ. ದಹನವನ್ನು ಆರಿಸುವವರೂ ಈಗ ಇದ್ದಾರೆ. ಕಥೋಲಿಕ ಸಭೆ 1963ರಿಂದ ಅದಕ್ಕೆ ಅನುಮತಿ ಕೊಟ್ಟಿದೆ, ಬೂದಿಯನ್ನು ಚೆಲ್ಲದೆ ಪವಿತ್ರ ಸ್ಥಳದಲ್ಲಿ ಇಡಬೇಕೆಂದು 2016ರಲ್ಲಿ ಸ್ಪಷ್ಟಪಡಿಸಿದೆ.

ಸಮಾಧಿ ತೆರೆದರೆ ಪುನರುತ್ಥಾನದ ನಿರೀಕ್ಷೆಗೆ ಏನಾಗುತ್ತದೆ? ಹಿರಿಯರು ಇದನ್ನು ಅಂಜುತ್ತಲೇ ಕೇಳುತ್ತಾರೆ, ‘ಅಜ್ಜಿಯ ಎಲುಬನ್ನು ಅಲ್ಲಾಡಿಸಬಹುದೇನಪ್ಪಾ’ ಎಂದು. ಯೇಸುವಿನ ಕಾಲದ ಯೆರೂಸಲೇಮಿನಲ್ಲಿ ನಡೆಯುತ್ತಿದ್ದದ್ದು ಹೆಚ್ಚುಕಡಿಮೆ ಇದೇ. ಬಂಡೆಯಲ್ಲಿ ಕೊರೆದ ಗವಿಯೊಳಗೆ ದೇಹವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತಿದ್ದರು. ಸುಮಾರು ಒಂದು ವರ್ಷ ಕಳೆದು ಮಾಂಸ ಕರಗಿದ ಮೇಲೆ ಮನೆಯವರು ಬಂದು ಎಲುಬುಗಳನ್ನು ಆರಿಸಿ ಸುಣ್ಣಕಲ್ಲಿನ ಪೆಟ್ಟಿಗೆಯಲ್ಲಿಡುತ್ತಿದ್ದರು. ತೊಡೆಯ ಎಲುಬು ಹಿಡಿಯುವಷ್ಟು ಉದ್ದದ ಪೆಟ್ಟಿಗೆ. ಕೆಲವದರ ಮೇಲೆ ಹೆಸರು ಗೀಚಿರುತ್ತಿತ್ತು. ಗವಿಯ ಜಾಗ ಮುಂದಿನವರಿಗೆ. ಪುನರುತ್ಥಾನವನ್ನು ನಂಬಿದ ಜನರೂ ಹೀಗೆ ಮಾಡುತ್ತಿದ್ದರು. ಅದಕ್ಕೂ ಬಹಳ ಹಿಂದೆ, ಯಾಕೋಬನ ಮಗನಾದ ಇನ್ನೊಬ್ಬ ಯೋಸೇಫ ಐಗುಪ್ತದಲ್ಲಿ ಸಾಯುವಾಗ ತನ್ನ ಎಲುಬುಗಳನ್ನು ಒಯ್ಯಬೇಕೆಂದು ಪ್ರಮಾಣ ಮಾಡಿಸಿಕೊಂಡ. ಮೋಶೆ ಅವನ್ನು ಹೊತ್ತುಕೊಂಡು ಹೊರಟ, ಕೊನೆಗೆ ಅವು ಶೆಕೆಮಿನಲ್ಲಿ ಮಣ್ಣು ಸೇರಿದವು. ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯ ಯೋಸೇಫನ ನಂಬಿಕೆಗೆ ಕೊಡುವ ಸಾಕ್ಷಿಗಳಲ್ಲಿ ಆ ಎಲುಬುಗಳ ಬಗ್ಗೆ ಅವನು ಕೊಟ್ಟ ಅಪ್ಪಣೆಯೂ ಒಂದು.

ತೆರೆಯುವ ದಿನ ಯಾರು ಹೋಗಬೇಕೆಂಬುದನ್ನು ಮನೆಯಲ್ಲಿ ಕೂತು ತೀರ್ಮಾನಿಸಿ. ಹೆಂಡತಿಯೋ ತಾಯಿಯೋ ಬರಲೇಬೇಕೆಂದಿಲ್ಲ. ಬರುತ್ತೇನೆಂದರೆ ತಡೆಯುವುದೂ ಬೇಡ. ಅಗೆಯುವ ಹೊತ್ತಿನಲ್ಲಿ ಸ್ವಲ್ಪ ದೂರ ನಿಂತಿದ್ದು, ಎಲುಬುಗಳನ್ನು ಬಿಳಿ ಬಟ್ಟೆಗೆ ಹಾಕಿದ ಮೇಲೆ ಹತ್ತಿರ ಬಂದರೆ ಹೆಚ್ಚಿನವರಿಗೆ ತಡೆದುಕೊಳ್ಳಲು ಆಗುತ್ತದೆ. ಬೆಳಗಿನ ಹೊತ್ತೇ ಆಗಲಿ, ಮಳೆಗಾಲ ಬೇಡ. ಜೂನಿನಿಂದ ಸೆಪ್ಟೆಂಬರಿನವರೆಗೆ ಗುಂಡಿಯಲ್ಲಿ ನೀರಿರುತ್ತದೆ. ಹೊಸ ಹತ್ತಿ ಬಟ್ಟೆ ಎರಡು ಮೀಟರು, ಕುಡಿಯುವ ನೀರು, ಗೂಡಿನ ರಸೀದಿ ಜೊತೆಗಿರಲಿ. ಕೆಲಸದವರಿಗೆ ಕೊಡಬೇಕಾದದ್ದನ್ನು ಮೊದಲೇ ಮಾತಾಡಿಟ್ಟರೆ ಅಲ್ಲಿ ನಿಂತು ಚೌಕಾಸಿ ಮಾಡುವ ಸ್ಥಿತಿ ಬರುವುದಿಲ್ಲ. ಮಕ್ಕಳನ್ನು ಕರೆತರುವುದಾದರೆ ಏನು ನೋಡುತ್ತೀರೆಂದು ಹಿಂದಿನ ದಿನವೇ ಸರಳವಾಗಿ ಹೇಳಿ, ಎಲುಬು ಎಂದೇ ಹೇಳಿ, ‘ಅಜ್ಜ ನಿದ್ದೆ ಮಾಡಿದ್ದಾರೆ’ ಎಂದಲ್ಲ.

ಪಾಸ್ಟರಿಗೆ ಬರಲಾಗದಿದ್ದರೆ ಮನೆಯವರೇ ಪ್ರಾರ್ಥನೆ ನಡೆಸಬಹುದು, ಹತ್ತು ನಿಮಿಷ ಸಾಕು. ಓದಲು ಯೆಹೆಜ್ಕೇಲನ 37ನೆಯ ಅಧ್ಯಾಯದ ಮೊದಲ ಹದಿನಾಲ್ಕು ವಚನ. ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದಲಿ. ಆ ಕಣಿವೆಯ ಎಲುಬುಗಳು ಬಹಳ ಒಣಗಿದ್ದವು. ಈ ಎಲುಬುಗಳು ಬದುಕಬಲ್ಲವೋ ಎಂದು ದೇವರು ಪ್ರವಾದಿಯನ್ನು ಕೇಳಿದಾಗ ಅವನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಕರ್ತನೇ, ನೀನೇ ಬಲ್ಲೆ ಎಂದ. ಸಮಾಧಿಯ ಅಂಚಿನಲ್ಲಿ ನಿಂತವರು ಅದಕ್ಕಿಂತ ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ, ದೇವರೂ ಆ ಉತ್ತರವನ್ನು ತಪ್ಪೆನ್ನಲಿಲ್ಲ. ಓದಾದ ಮೇಲೆ ಕರ್ತನ ಪ್ರಾರ್ಥನೆ, ಆಮೇಲೆ ಎಲುಬುಗಳನ್ನು ಗೂಡಿಗೆ ಇಡುವುದು. ಕಲ್ಲಿನ ಮೇಲೆ ಹೆಸರು, ಹುಟ್ಟಿದ ಮತ್ತು ತೀರಿಕೊಂಡ ತಾರೀಕು, ಊರು, ಒಂದು ವಚನದ ಅಧ್ಯಾಯ-ಸಂಖ್ಯೆ. ಪೂರ್ತಿ ವಚನಕ್ಕೆ ಜಾಗ ಸಾಲುವುದಿಲ್ಲ. ಕನ್ನಡ ಅಕ್ಷರ ಕೆತ್ತಲು ಬಾರದ ಕಡೆ ದೊಡ್ಡದಾಗಿ ಬರೆದ ಹಾಳೆ ಕೊಟ್ಟು, ಒತ್ತಕ್ಷರಗಳನ್ನು ಕೆತ್ತುವ ಮೊದಲು ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಬರೆಸಿ ನೋಡಿ. ಒಮ್ಮೆ ಕೆತ್ತಿದ ಮೇಲೆ ತಿದ್ದಲಾಗದು. ಗೂಡಿಗೆ ಅವಧಿಯಿದ್ದರೆ ನವೀಕರಣದ ವರ್ಷವನ್ನು ಕೇಳಿ ತಿಳಿದು, ಸಂಖ್ಯೆಯ ಜೊತೆಗೆ ಕುಟುಂಬದ ಕಿರಿಯರಲ್ಲಿ ಇಬ್ಬರಿಗೆ ಬರೆದುಕೊಡಿ.